ನಾನೂರು ಮನೆಯ ಪೆಟ್ಟಿಗೆ

ಅಮ್ಮತ್ತಿಯ ಕರ್ನಲ್ ಬೆಳ್ಯಪ್ಪನವರು
ಮನೆ ಖಾಲಿ ಮಾಡುವಾಗ ಕೊಟ್ಟದ್ದು, ಮೂರು ಸಾವಿರಕ್ಕೆ.
'ಹಂಝ, ನಾನೂರು ತಟ್ಟೆ ನುಂಗುತ್ತೆ ಇದು,
ಎದ್ದು ಹೋಗಿ ಬದಲಿಸುವ ಕೆಲಸವೇ ಇಲ್ಲ.'
ಎದ್ದು ಹೋಗುವ ಕೆಲಸ ಇಲ್ಲ, ನಿಜ.
ಕೂತಲ್ಲೇ ಬೈಯುವ ಕೆಲಸ.

ಇಪ್ಪತ್ತೆರಡು ವರ್ಷ ನಾನು ಹಿಡಿದ ಮದುವೆಗಳೆಲ್ಲ
ವಿರಾಜಪೇಟೆಯ ಈ ಹಿಂಬದಿ ಕೋಣೆಯಲ್ಲಿ
ಬಾಚಣಿಗೆ ಹಲ್ಲಿನ ಸಂದಿಯಂಥ ಮನೆಗಳಲ್ಲಿ
ನೆಟ್ಟಗೆ ನಿಂತಿವೆ.
ಒಂದೊಂದಕ್ಕೂ ಹೆಸರು ಬರೆಯಬೇಕು ರಿಮೋಟಿನಲ್ಲಿ,
ಒಂದಕ್ಷರಕ್ಕೆ ನಾಲ್ಕು ಸಲ ಒತ್ತಿ,
ಅದೂ ಇಂಗ್ಲಿಷಿನಲ್ಲಿ, ಹದಿಮೂರೇ ಅಕ್ಷರ.
ಕೊಡಗಿನಲ್ಲಿ ಹದಿಮೂರಕ್ಷರ ಯಾತಕ್ಕೆ ಸಾಕು?
ಮನೆತನ ಮುಗಿಯುವಷ್ಟರಲ್ಲಿ ಜಾಗ ಮುಗಿದು
ಮದುಮಗಳು ಹೊರಗೇ ನಿಂತಿರುತ್ತಾಳೆ.

ಕರೆಂಟು ಹೋದರೆ ನಾನು ಬರೆದದ್ದೆಲ್ಲ ಮರೆತು
ಕರ್ನಲರು ಬರೆದದ್ದನ್ನೇ ನೆನೆಯುತ್ತದೆ,
ಮೊದಲ ಯಜಮಾನನ ಬಿಡದ ನಾಯಿಯ ಹಾಗೆ.
ಪರದೆಯ ಮೇಲೆ ಹಸಿರಕ್ಷರ: 'ಮಿಲಿಟರಿ ಬ್ಯಾಂಡು ಮೂರು.'
ಒಳಗೆ ಭಾಗಮಂಡಲದ ಗೌಡರ ಮಗಳ ಧಾರೆ.
'ಪಿಯಾನೋ, ನಿಧಾನದ್ದು' ಅಂದರೆ ನನ್ನ ಭಾವನ ನಿಕಾಹ್.
'ನಾಯಿ ತರಬೇತಿ' ಅನ್ನುವಲ್ಲಿ
ಪಾಲಿಬೆಟ್ಟದ ಲೈನ್‌ಮನ್ ಒಬ್ಬ ಬಾಸಿಂಗ ಕಟ್ಟಿಸಿಕೊಂಡು
ತಲೆ ತಗ್ಗಿಸಿ ಕೂತಿದ್ದಾನೆ.

ಸಂತೆ ಮುಗಿಸಿ ಬಂದರು ದೇಚವ್ವ, ಜೊತೆಗೆ ಅತ್ತೆ ಅಕ್ಕವ್ವ.
'ನನ್ನ ಮದುವೆಯ ಗಂಗಾಪೂಜೆ ತೋರಿಸಿ, ಹಂಝ.
ತಲೆಯ ಮೇಲೆ ಬಿಂದಿಗೆ, ಬಾವಿಯಿಂದ ಬಾಗಿಲಿಗೆ ನಲವತ್ತು ಹೆಜ್ಜೆ,
ಇವರು ಎದುರಿಗೆ ಕುಣಿದು ತಡೆದದ್ದು ಮೂರು ಗಂಟೆ.
ಕತ್ತು ಇವತ್ತಿಗೂ ನೋವು.'
'ಅರ್ಧ ಗಂಟೆ,' ಅಂದರು ಅಕ್ಕವ್ವ.
'ಅದರಲ್ಲೂ ವಾಲಗದವರು ನೀರು ಕುಡಿದದ್ದು ಎಷ್ಟೋ.'
ಹತ್ತೊಂಬತ್ತು ವರ್ಷದ ವ್ಯಾಜ್ಯ. ನನ್ನ ಪೆಟ್ಟಿಗೆಯೇ ಸಾಕ್ಷಿ.

ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ: ಇನ್ನೂರ ಹದಿಮೂರು.
ಒತ್ತಿದೆ. ಗಿರ್ರನೆ ತಿರುಗಿತು, ಪಲ್ಪರಿಗೆ ಕಲ್ಲು ಸಿಕ್ಕ ಸದ್ದು,
ಬಂದದ್ದು ಯಾರದೋ ನಾಮಕರಣ.
ಒಂದು ಮನೆ ಹಿಂದೆ: ಹಾಕಿ ಪಂದ್ಯ, ಅದೂ ಮೊದಲಾರ್ಧ.
ಒಂದು ಮನೆ ಮುಂದೆ: ಅದೇ ನಾಮಕರಣ, ಮಗು ಈಗ ಅಳುತ್ತಿದೆ.
ಇನ್ನೊಂದು: 'ಖಾಲಿ.'
ತಟ್ಟೆ ಒಳಗಿದೆ, ಗಾಜಿನಾಚೆ ಹೊಳೆಯುತ್ತಿದೆ,
'ಖಾಲಿ' ಅನ್ನುತ್ತದೆ, ಮುಖಕ್ಕೆ ಮುಖ ಕೊಟ್ಟು.
ಬಾಗಿಲು ತೆಗೆದೆ. ತೆಗೆದ ತಪ್ಪಿಗೆ
ಒಂದರಿಂದ ಎಣಿಸಲು ಶುರು.
ಚಹಾ ತರಿಸಿದೆ. ಇನ್ನೊಂದು ಚಹಾ ತರಿಸಿದೆ.

ದೇಚವ್ವ ಅತ್ತೆಯ ಕಡೆ ತಿರುಗಿ,
'ಇದೂ ನಿಮ್ಮ ಕಡೆಯದ್ದೇ,' ಅಂದರು,
'ಎದುರಿಗೆ ನಿಂತು ಕುಣಿಯುತ್ತದೆ, ದಾರಿ ಬಿಡುವುದಿಲ್ಲ.'

ಮೂರು ಗಂಟೆಗೆ, ಎಂಬತ್ತೆಂಟನೆಯ ಮನೆಯಲ್ಲಿ,
'ಬೆನ್ನುನೋವಿಗೆ ವ್ಯಾಯಾಮ' ಎಂಬ ಬೋರ್ಡಿನಡಿ ಸಿಕ್ಕಿತು.
ಹಿಂದಕ್ಕೆ ನೆರಿಗೆ ಬಿಟ್ಟ ಕೆಂಪು ಸೀರೆ, ಬಿಂದಿಗೆ,
ಎದುರಿಗೆ ಅಕ್ಕವ್ವ, ಕೈ ಮೇಲೆತ್ತಿ,
ಈಗಿನದಕ್ಕಿಂತ ಒಂದು ಗೇಣು ಎತ್ತರ.
ವಾಲಗ.
ಮೂಲೆಯಲ್ಲಿ ಅಂಕಿ ಓಡುತ್ತಿತ್ತು: ಹನ್ನೆರಡು ನಿಮಿಷ. ಹದಿನೇಳು.
ಯಾರೂ ಚಹಾ ಮುಟ್ಟಲಿಲ್ಲ.
ಇಪ್ಪತ್ತೊಂಬತ್ತು ನಿಮಿಷ, ಐವತ್ತು ಸೆಕೆಂಡು.
ನಿಂತಿತು.

ಬೂಸ್ಟು ಹಿಡಿದ ತಟ್ಟೆ. ಚಿತ್ರ ಚೌಕಚೌಕ ಒಡೆದು
ಅತ್ತೆಯ ಒಂದು ಕಾಲು ಗಾಳಿಯಲ್ಲಿ,
ಸೊಸೆಯ ಬಿಂದಿಗೆಯ ಅಂಚಿನಲ್ಲಿ
ಬೀಳಬೇಕಾದ ಒಂದು ಹನಿ.
ಒರೆಸಿದೆ, ಊದಿದೆ.
ಬಡಿದೆ, ಸುಳ್ಳೇಕೆ, ಅಂಗೈಯಿಂದಲೇ ಬಡಿದೆ.
ಹನಿ ಬೀಳಲಿಲ್ಲ.

'ಅರ್ಧ ಗಂಟೆ,' ಅಂದರು ಅಕ್ಕವ್ವ, ಚೀಲ ಎತ್ತಿಕೊಂಡು.
'ಕಾಲು ಇನ್ನೂ ಕೆಳಗಿಟ್ಟಿಲ್ಲ ನೀವು,' ಅಂದರು ದೇಚವ್ವ.
ಮೆಟ್ಟಿಲಲ್ಲೂ ಅದೇ ಮಾತು,
ಕೈ ಹಿಡಿದು ಇಳಿಸುತ್ತಿದ್ದರು ಅತ್ತೆಯನ್ನು,
ಒಂದೊಂದೇ ಮೆಟ್ಟಿಲು.
ದುಡ್ಡು ಕೇಳಲು ನನಗೆ ನೆನಪಾಗಲಿಲ್ಲ.

ಕರೆಂಟು ಹೋಯಿತು. ಬಂತು.
ಒಂದು. ಎರಡು. ಮೂರು.
ನಾನೂರಕ್ಕೆ ಒಂದೂವರೆ ಗಂಟೆ ಬೇಕು.
ಶಟರ್ ಅರ್ಧ ಎಳೆದು ಊಟಕ್ಕೆ ಹೋದೆ.